ಕಲಿಚಾ ಇಟ್ಟುಹೋದ ಮೂಟೆ

ಬುರುಲ್ಚಾಳ ಮನೆಗೆ ಸೊಸೆ ಬಂದು ಹತ್ತು ವರ್ಷವಾಗಿತ್ತು. ಆ ಹತ್ತು ವರ್ಷಗಳಲ್ಲಿ ಚಿನಾರ ಹಸು ಕರೆಯುವುದನ್ನು ಕಲಿತಳು, ಚಳಿಗಾಲಕ್ಕೆ ಬೆರಣಿ ಒಟ್ಟುವುದನ್ನು ಕಲಿತಳು, ಹತ್ತು ಜನ ಕೂತಿರುವಾಗ ಯಾರ ಚಹಾ ಬಟ್ಟಲು ಬರಿದಾಯಿತೆಂದು ಬೆನ್ನು ತಿರುಗಿಸಿಕೊಂಡೇ ತಿಳಿಯುವುದನ್ನು ಕಲಿತಳು. ಉಣ್ಣೆಯ ಕೆಲಸ ಮಾತ್ರ ಬರಲಿಲ್ಲ. ಬರಲು ಬಿಡಲಿಲ್ಲ ಎನ್ನುವುದು ಹೆಚ್ಚು ಸರಿ.

ನಮ್ಮ ಬೀದಿಯಲ್ಲಿ ಬುರುಲ್ಚಾ ಹಾಕಿದ ಕಿಯಿಜ್ ಎಂದರೆ ಎರಡನೆಯ ಮಾತಿಲ್ಲ. ಅದಕ್ಕೆ ಮಗ್ಗ ಬೇಡ, ನೂಲು ಬೇಡ. ಬಡಿದ ಉಣ್ಣೆಯನ್ನು ಜೊಂಡಿನ ಚಾಪೆಯ ಮೇಲೆ ಹರಡಿ, ಕುದಿನೀರು ಚಿಮುಕಿಸಿ, ಚಾಪೆ ಸಮೇತ ಸುತ್ತಿ ಹಗ್ಗ ಬಿಗಿದು, ಒಂದು ಗಂಟೆ ಒದ್ದು ಉರುಳಿಸಿದರೆ ಒಳಗಿರುವುದು ಹಾಸಾಗುತ್ತದೆ. ಹೇಳುವುದಕ್ಕೆ ಇಷ್ಟೇ. ಆದರೆ ಉಣ್ಣೆ ಹರಡುವ ಕೈ ಎಲ್ಲರಿಗೂ ಇರುವುದಿಲ್ಲ. ಹೆಣ್ಣುಮಗಳ ಮದುವೆಗೆ ಕಿಯಿಜ್ ಮಾಡುವ ಮನೆಯವರು ಬುರುಲ್ಚಾಳನ್ನು ಮೊದಲು ಕೇಳಿ ಆಮೇಲೆ ದಿನ ಗೊತ್ತುಮಾಡುತ್ತಿದ್ದರು. ಅವಳ ಹಿಂದೆ ಸೊಸೆಯೂ ಹೋಗುತ್ತಿದ್ದಳು, ಚಹಾ ಬಸಿಯಲಿಕ್ಕೆ.

"ನಾನೂ ಒಂದು ಮೂಲೇಲಿ ಹರಡ್ಲಾ ಅಪಾ?" ಎಂದು ಮೊದಲೆರಡು ವರ್ಷ ಚಿನಾರ ಅತ್ತೆಯನ್ನು ಕೇಳಿದ್ದುಂಟು; ನಮ್ಮಲ್ಲಿ ಹಿರಿಯ ಹೆಂಗಸರನ್ನು ಅಪಾ ಎನ್ನುತ್ತಾರೆ.

"ನೀನು ಫ್ರುಂಜೆ ಹುಡುಗಿ," ಎನ್ನುತ್ತಿದ್ದಳು ಬುರುಲ್ಚಾ. ರಾಜಧಾನಿ ಬಿಷ್ಕೆಕಿಗೆ ಆ ಹಳೆಯ ಹೆಸರು ಹೋಗಿ ಮೂವತ್ತು ವರ್ಷವಾಗಿದ್ದರೂ ಅವಳು ಬಿಟ್ಟಿರಲಿಲ್ಲ. "ನಲ್ಲಿ ನೀರಿನ ಕೈ ನಿಂದು. ಮುಟ್ಟಿದ್ರೆ ಉಣ್ಣೆ ಮುನಿಸ್ಕೊಳುತ್ತೆ. ಆ ಕಡೆ ಬಟ್ಟಲು ಖಾಲಿ ಇದೆ ನೋಡು."

ಸೆಪ್ಟೆಂಬರಿನಲ್ಲಿ ಶಾಲೆ ಶುರುವಾದ ಮೇಲೆ ಪೋಷಕರ ಸಭೆ ಕರೆದರು. ಮೂರನೆಯ ತರಗತಿಯ ಶಿಕ್ಷಕಿ ಗುಲ್ಸಾರ ಎಜೆ, ಎಂದರೆ ಗುಲ್ಸಾರ ಅಕ್ಕ, ಶುಕ್ರವಾರದ ಕೈಕೆಲಸದ ತರಗತಿಗೆ ತಾಯಂದಿರು ಯಾರಾದರೂ ಬರಬೇಕೆಂದು ಕೇಳಿದಳು.

"ಉಣ್ಣೆ ಕೆಲಸ ಇರ್ಲಿ. ನಮ್ ಮಕ್ಕಳಿಗೆ ಕುರಿ ಗೊತ್ತು, ಉಣ್ಣೆ ಗೊತ್ತಿಲ್ಲ. ಯಾರು ಹೇಳ್ಕೊಡ್ತೀರ?"

"ಬುರುಲ್ಚಾ ಅಪಾ ಸೊಸೆ ಇಲ್ಲೇ ಕೂತಿದಾಳಲ್ಲ," ಎಂದಳು ಹಿಂದಿನ ಬೆಂಚಿನವಳು. "ಆ ಮನೇಲಿ ಬೆಕ್ಕಿಗೂ ಬರುತ್ತೆ."

ಎಲ್ಲರೂ ತಿರುಗಿ ನೋಡಿದರು. ನನಗೆ ಬರುವುದಿಲ್ಲ ಎನ್ನುವುದಕ್ಕೆ ಒಂದು ಉಸಿರು ಸಾಕಿತ್ತು. ಆದರೆ ಹತ್ತು ವರ್ಷ ಆ ಮನೆಯಲ್ಲಿದ್ದು ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು? ಚಿನಾರಳ ಕಿವಿ ಕೆಂಪಾಯಿತು. "ಆಗ್ಲಿ ಎಜೆ," ಎಂದಳು.

ಅದೇ ಮಧ್ಯಾಹ್ನ, ಅವಳು ಶಾಲೆಯಲ್ಲಿರುವಾಗ, ಎದುರು ಮನೆಯ ಕಲಿಚಾ ಒಂದು ಮೂಟೆಯನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದು ಬುರುಲ್ಚಾಳ ಕೊಟ್ಟಿಗೆಯ ಅಟ್ಟದ ಮೇಲೆ ಇಟ್ಟುಹೋದಳು. ಕಲಿಚಾ ಗಂಡ ಸತ್ತವಳು; ಒಬ್ಬಳೇ ಮಗಳು ನುರ್ಜಾನಳ ಮದುವೆ ಅಕ್ಟೋಬರ್ ಕೊನೆಗೆ ಗೊತ್ತಾಗಿತ್ತು. ಮೂಟೆಯಲ್ಲಿದ್ದದ್ದು ಮಗಳ ಜೊತೆ ಕಳಿಸುವ ಕಿಯಿಜ್‌ಗೆಂದು ತೆಗೆದ ಉಣ್ಣೆ: ಆ ವರ್ಷದ ಮರಿಗಳದು, ಬೇಸಿಗೆ ಮುಗಿದು ಮೊದಲ ಸಲ ಕತ್ತರಿಸಿದ್ದು, ತೊಳೆದು, ಬಡಿದು, ಕಡ್ಡಿ ಕಸ ಹೆಕ್ಕಿ ಮುಗಿಸಿದ್ದು. ಅವಳ ಕೊಟ್ಟಿಗೆ ಸೋರುತ್ತಿತ್ತು. ಬುರುಲ್ಚಾಳೇ "ನಮ್ಮಲ್ಲಿ ಒಣಗಿರುತ್ತೆ, ತಂದಿಡು" ಎಂದಿದ್ದಳು. ಸೊಸೆಗೆ ಇದನ್ನು ಯಾರೂ ಹೇಳಲಿಲ್ಲ. ಉಣ್ಣೆಯ ಮಾತು ಸೊಸೆಗೇಕೆ?

ಮರುದಿನ ದೂರದ ಊರು ನಾರಿನ್‌ನಿಂದ ಫೋನು ಬಂತು. ಬುರುಲ್ಚಾಳ ಅಕ್ಕ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡಿದ್ದಳು. ಬುರುಲ್ಚಾ ತನ್ನ ಮಗ, ಚಿನಾರಳ ಗಂಡ ತುರಾತ ಓಡಿಸುವ ಬಾಡಿಗೆ ಕಾರಿನಲ್ಲಿ ಮುಂದಿನ ಸೀಟು ಹಿಡಿದು ಹೊರಟಳು. ಮೂರು ವಾರ ಬರಲಿಲ್ಲ.

ಚಿನಾರ ಉಣ್ಣೆಯ ಕೆಲಸ ಕಲಿತದ್ದು ಫೋನಿನಲ್ಲಿ. ಹೂವಿನ ಏಪ್ರನ್ ತೊಟ್ಟ ರಷ್ಯನ್ ಹೆಂಗಸೊಬ್ಬಳು ಮಕ್ಕಳಿಗೆ ಉಣ್ಣೆಯ ಚೆಂಡು ಮಾಡಿಸುವ ವಿಡಿಯೋ. ಒಂಬತ್ತು ವರ್ಷದ ಮಗಳು ಬೆಗಿಮಾಯ್ ಪಕ್ಕದಲ್ಲಿ ಕೂತು ಮೇಲ್ವಿಚಾರಣೆ ಮಾಡಿದಳು.

"ಅಮ್ಮಾ, ಅವಳು ನೀರು ಕಮ್ಮಿ ಹಾಕಿದ್ಲು. ನೀನು ಪಾತ್ರೆ ತೊಳೆಯೋ ಥರ ಹಾಕ್ತಿದೀಯ."

"ಗೊತ್ತಾಯ್ತು."

"ಒತ್ತಬೇಡ ಅಂತಾಳೆ ಮೊದ್ಲು. ಸುಮ್ನೆ ಉರುಳಿಸು ಅಂತಾಳೆ."

ಮೊದಲನೆಯ ಚೆಂಡು ಒಣಗಿದ ಮೇಲೆ ಬಾಯಿ ಬಿಟ್ಟಿತು. ಎರಡನೆಯದು ಆಲೂಗಡ್ಡೆಯಾಯಿತು. ಮೂರನೆಯದಕ್ಕೆ ಚಿನಾರ ವಿಡಿಯೋ ನಿಲ್ಲಿಸಿ, ಬೋರ್ಸೊಕ್ ಕರಿಯುವಾಗ ಹಿಟ್ಟಿನ ಉಂಡೆ ಮಾಡುವ ಹಾಗೆ, ಅಂಗೈ ಬೋಗುಣಿ ಮಾಡಿ ಹಗುರಾಗಿ ಉರುಳಿಸಿದಳು. ಸೋಪಿನ ನೊರೆಯೊಳಗೆ ಉಣ್ಣೆ ಬಿಗಿಯುತ್ತ ಬಿಗಿಯುತ್ತ ಕಾಯಿಯಾಯಿತು. ಅಮ್ಮ ಮಗಳು ಅದನ್ನು ಒಲೆಯ ಮೇಲಿನ ಗೂಡಿನಲ್ಲಿಟ್ಟು ಅರ್ಧ ಗಂಟೆ ನೋಡಿದರು. ಆ ದಿನ ಸಾರಿಗೆ ಉಪ್ಪು ಬೀಳಲಿಲ್ಲ. ತುರಾತ ಮಾತಾಡದೆ ಉಂಡ.

ಇನ್ನು ತರಗತಿಯ ಮಕ್ಕಳಿಗೆಲ್ಲ ಆಗುವಷ್ಟು ಉಣ್ಣೆ ಬೇಕಿತ್ತು. ಚಿನಾರ ಅಟ್ಟ ಹತ್ತಿದಳು. ಮೇಲೆಯೇ ಒಂದು ಮೂಟೆ. ಬಾಯಿ ಬಿಚ್ಚಿದರೆ ಹಾಲಿನ ಕೆನೆಯಂಥ ಬಿಳುಪು. ಅವಳಂಥವಳಿಗೂ ಒಳ್ಳೆಯದೆಂದು ಗೊತ್ತಾಗುವಷ್ಟು ಒಳ್ಳೆಯದು. ತಮ್ಮ ಅಟ್ಟ, ತಮ್ಮ ಉಣ್ಣೆ. ನಾರಿನ್‌ಗೆ ಫೋನು ಮಾಡಿ ಕೇಳಬಹುದಿತ್ತು. ಕೇಳಿದರೆ ಯಾಕೆಂದು ಹೇಳಬೇಕಾಗುತ್ತಿತ್ತು, ಹೇಳಿದರೆ ಅತ್ತೆ ಫೋನಿನಲ್ಲೇ ನಗುತ್ತಿದ್ದಳು. ಅವಳು ಒಂದು ತಲೆದಿಂಬಿನ ಚೀಲ ತುಂಬಿಸಿಕೊಂಡಳು.

ಶುಕ್ರವಾರ ಇಪ್ಪತ್ತಮೂರು ಮಕ್ಕಳು, ಆರು ಬೋಗುಣಿ ಬಿಸಿನೀರು, ಬಟ್ಟೆ ಸೋಪಿನ ತುರಿ. ಒಬ್ಬಳು ಆಟಕ್ಕಿಟ್ಟುಕೊಳ್ಳುವ ಕುರಿಯ ಕೀಲುಮೂಳೆ ಒಳಗಿಟ್ಟು ಚೆಂಡು ಮಾಡಿ, ಅಲ್ಲಾಡಿಸಿದರೆ ಸದ್ದಾಗುತ್ತದೆಂದುಕೊಂಡಿದ್ದಳು, ಆಗಲಿಲ್ಲವೆಂದು ಅತ್ತಳು. ಒಬ್ಬ ತನ್ನದನ್ನು ಮೊಟ್ಟೆಯೆಂದು ಹೇಳಿ ಮಾರಲು ನೋಡಿದ. ಎರಡನೆಯ ವಾರ ಚೆಂಡಿಗೆ ನಾಲ್ಕು ಕಡ್ಡಿ ಚುಚ್ಚಿ, ಕಪ್ಪು ಉಣ್ಣೆಯ ಮುಖ ಅಂಟಿಸಿ ಕುರಿಮರಿ ಮಾಡಿದರು. ನಾಲ್ಕನೆಯ ತರಗತಿಯವರು ಬಾಗಿಲಲ್ಲಿ ನಿಂತು ತಮಗೂ ಬೇಕೆಂದರು. ಮೂರನೆಯ ವಾರ ಹೆಡ್‌ಮಾಸ್ತರರೇ ಬಂದು, ಅಕ್ಟೋಬರ್ ಮೊದಲಿಗೆ ಬರುವ ಶಿಕ್ಷಕರ ದಿನಕ್ಕೆ ಗೋಡೆಗೆ ಹಾಕುವ ದೊಡ್ಡ ಚಿತ್ರ ಆಗಬಹುದೇ ಎಂದರು. ಹಿಮದ ಬೆಟ್ಟ, ಕೆಳಗೆ ಹಿಂಡು. ಹಿಮಕ್ಕೆ ಬಹಳ ಬಿಳಿ ಹಿಡಿಯಿತು. ಯಾರೋ ಫೋಟೋ ತೆಗೆದು ಊರಿನ ವಾಟ್ಸಾಪಿಗೆ ಹಾಕಿದರು: ನಡುವೆ ಚಿನಾರ, ಮೊಣಕೈವರೆಗೆ ನೊರೆ, ಮದುವೆಯಾದ ಮೇಲೆ ಅಷ್ಟು ನಕ್ಕದ್ದು ಯಾರೂ ಕಂಡಿರಲಿಲ್ಲ. ಅಷ್ಟರಲ್ಲಿ ಮೂಟೆ ಅರ್ಧಕ್ಕಿಳಿದಿತ್ತು.

ಬುರುಲ್ಚಾ ನಾರಿನ್‌ನಿಂದ ಬಂದವಳು ಕಾರಿಳಿದು ಮೊದಲು ಹೋದದ್ದು ಕಲಿಚಾಳ ಮನೆಗೆ, ಅಕ್ಕನ ಕಾಲಿನ ಕಥೆ ಹೇಳಲು. ಅಲ್ಲಿ ಇನ್ನೂ ಮೂವರು ಹೆಂಗಸರಿದ್ದರು. ಕಥೆ ಮುಗಿಯುವ ಮೊದಲೇ ಒಬ್ಬಳು ಫೋನು ಮುಂದೆ ಹಿಡಿದಳು.

"ನೋಡು ನಿನ್ ಸೊಸೆ. ಇಷ್ಟು ವರ್ಷ ಬಚ್ಚಿಟ್ಟಿದ್ಯಲ್ಲೇ ಇವಳನ್ನ."

ಬುರುಲ್ಚಾ ಕನ್ನಡಕ ಹಾಕಿಕೊಂಡು ನೋಡಿದಳು. ಒಂದು ಗಳಿಗೆ ಅವಳಿಗೆ ಏನೂ ಹೊಳೆಯಲಿಲ್ಲ. ಆಮೇಲೆ ಎದೆಯುಬ್ಬಿತು.

"ನಾನಲ್ದೆ ಇನ್ಯಾರು ಕಲಿಸಿದ್ದು?" ಎಂದಳು. "ಹತ್ತು ವರ್ಷ ತಿದ್ದಿದೀನಿ. ಕೂಡ್ಲೇ ಎಲ್ಲಾರ ಮುಂದೆ ಬಿಡೋಕಾಗುತ್ತಾ, ಹಣ್ಣಾಗ್ಬೇಕಲ್ಲ."

"ಉಣ್ಣೆ ತುಂಬ ಬಿಳುಪಿದೆ," ಎಂದಳು ಕಲಿಚಾ.

"ಯಾವ ಉಣ್ಣೆ ತಗೋಬೇಕು ಅಂತ ನಾನೇ ಹೇಳಿ ಹೋಗಿದ್ದೆ."

ಕಲಿಚಾ ಬುರುಲ್ಚಾಳ ಬಟ್ಟಲು ತೆಗೆದುಕೊಂಡು ಚಹಾ ಬಗ್ಗಿಸಿದಳು. ನಮ್ಮಲ್ಲಿ ಬಟ್ಟಲು ಅರ್ಧ ತುಂಬಿಸಿದರೆ ಕೂತಿರು ಎಂದರ್ಥ. ಅಂಚಿನವರೆಗೆ ತುಂಬಿಸಿದರೆ ಕುಡಿದು ಏಳು ಎಂದು. ಕಲಿಚಾ ಅಂಚಿನವರೆಗೆ ತುಂಬಿಸಿದಳು. ಮಗಳ ಮದುವೆಯ ಗಡಿಬಿಡಿಯಲ್ಲಿ ಕೈ ತಪ್ಪಿತೆಂದು ಬುರುಲ್ಚಾ ತಿಳಿದಳು.

ಮನೆಗೆ ಬಂದು ಅಟ್ಟ ಹತ್ತಿದ ಮೇಲೆ ಅವಳು ಬಹಳ ಹೊತ್ತು ಇಳಿಯಲಿಲ್ಲ. ಇಳಿದವಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಆ ಮೂಟೆ ಯಾರ್ದು ಗೊತ್ತಾ?"

"ನಮ್ದಲ್ವಾ ಅಪಾ?"

"ಕಲಿಚಾದು. ನುರ್ಜಾನ್ ಮದುವೇದು. ನನ್ನನ್ನ ನಂಬಿ ಇಟ್ಟುಹೋಗಿರೋದು."

ಚಿನಾರಳ ಕೈಯ ಲಟ್ಟಣಿಗೆ ನಿಂತಿತು. ತುರಾತ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದ.

"ನಂಗೆ ಯಾರೂ ಹೇಳ್ಲಿಲ್ಲ."

"ಕೇಳೋಕೆ ಬಾಯಿರ್ಲಿಲ್ವಾ?"

"ಕೇಳಿದ್ರೆ ನೀವು..." ಚಿನಾರ ಅರ್ಧಕ್ಕೆ ಬಿಟ್ಟಳು. "ಈಗ್ಲೇ ಹೋಗಿ ಕಾಲು ಹಿಡೀತೀನಿ. ಮಕ್ಕಳ ಹತ್ರ ಇರೋದನ್ನೆಲ್ಲ ವಾಪಸ್ ತರ್ತೀನಿ."

"ತಂದು? ಒಂದ್ಸಲ ಬಿಗಿದ ಉಣ್ಣೆ ಮತ್ತೆ ಉಣ್ಣೆ ಆಗುತ್ತಾ? ಇಷ್ಟೂ ತಿಳೀದೆ ಊರಿಗೆಲ್ಲ ಪಾಠ ಹೇಳಿದಾಳೆ ಇವಳು."

"ಹಾಗಾದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ತಪ್ಪು ನಂದೇ ಅಂತೀನಿ."

ಅದೇ ಆಗುವಂತಿರಲಿಲ್ಲ. ಸೊಸೆ ತಿಳಿಯದೆ ತೆಗೆದಳು ಎಂದರೆ, ನಾನೇ ಹೇಳಿ ಹೋಗಿದ್ದೆ ಎಂದ ಮಾತು ಏನಾಗಬೇಕು? ಅರ್ಧ ಗಂಟೆ ಹಿಂದೆ ನಾಲ್ವರ ಎದುರು ಆಡಿದ ಮಾತು ಅದು. ಬುರುಲ್ಚಾ ಅದನ್ನು ಮನೆಯವರಿಗೆ ಹೇಳಲಿಲ್ಲ. "ಯಾರೂ ಎಲ್ಲಿಗೂ ಹೋಗ್ಬೇಡಿ," ಎಂದಷ್ಟೇ ಹೇಳಿದಳು. "ತುರಾತ, ನೀನು ಅಂಥದೇ ಉಣ್ಣೆ ತಾ."

ನಮ್ಮ ಕಣಿವೆಯಲ್ಲಿ ಕೇಳುವ ಹಾಗಿರಲಿಲ್ಲ. ಒಂದು ಹಿಂಡಿಗೆ ಕೇಳಿದರೆ ಎಲ್ಲ ಹಿಂಡಿಗೂ ತಿಳಿಯುತ್ತದೆ. ತುರಾತ ತೋಕ್ಮೋಕ್ ಸಂತೆಯಿಂದ ತಂದ. ಮಾರಿದವನು ಮರಿಯ ಉಣ್ಣೆಯೆಂದು ರೊಟ್ಟಿ ಮುಟ್ಟಿ ಆಣೆ ಮಾಡಿದ್ದನಂತೆ. ಬುರುಲ್ಚಾ ಒಂದು ಎಳೆ ಎಳೆದು, ಬೆರಳ ನಡುವೆ ತಿಕ್ಕಿ ನೋಡಿದಳು.

"ಇದು ವಸಂತದ್ದು. ಮುದಿ ಕುರೀದು. ಬಿಸಿನೀರಿಗೆ ಇದು ಸೋಲಲ್ಲ, ಬಿಗಿಯೋದೂ ಇಲ್ಲ."

"ಬಿಳಿ ಇದೆಯಲ್ಲ ಅಮ್ಮ. ಉಣ್ಣೆ ಅಂದ್ರೆ ಉಣ್ಣೆ."

"ಹೌದಪ್ಪಾ. ಇವತ್ತಿಂದ ನಿನ್ನ ಕಾರಿಗೆ ಸೀಮೆಎಣ್ಣೆ ಹಾಕು. ಅದೂ ಎಣ್ಣೆ ತಾನೆ."

ಬೀದಿಯೆಲ್ಲ ಆಲೂಗಡ್ಡೆ ಕೀಳಲು ಹೊಲಕ್ಕೆ ಹೋದ ಎರಡು ದಿನ ನೋಡಿ, ಹಿತ್ತಲಿನಲ್ಲಿ ಹಸುವಿನ ಚರ್ಮ ಹಾಸಿ, ಅತ್ತೆ ಸೊಸೆ ಆ ಉಣ್ಣೆ ಬಡಿದರು. ಚಿನಾರಳ ಕೈಗೆ ಬಡಿಯುವ ಕೋಲು ಬಂದದ್ದು ಅದೇ ಮೊದಲು.

"ಮೇಲೆತ್ತಬೇಡ, ಮಣಿಕಟ್ಟಲ್ಲಿ ಬೀಸು. ಕೋಲು ತಾನೇ ಬೀಳುತ್ತೆ. ಒಂದು ನಿಂದು, ಒಂದು ನಂದು. ಹಾಂ, ಹಂಗೆ."

ಬುರುಲ್ಚಾ ಒಳ್ಳೆಯ ಗುರು. ಆ ಎರಡು ದಿನಗಳಲ್ಲಿ ಹತ್ತು ವರ್ಷದ್ದನ್ನು ಹೇಳಿಕೊಟ್ಟಳು: ಬೆರಳು ಬಿಡಿಸಿ ಹರಡುವುದು, ಅಂಚು ದಪ್ಪ ಬಿಡುವುದು, ಒಂದು ಪದರ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಜೊತೆಗೆ ಇನ್ನೊಂದನ್ನೂ ಹೇಳಿಕೊಟ್ಟಳು. "ಒಳ್ಳೇದು ಕೆಳಗೆ, ಒಳ್ಳೇದು ಮೇಲೆ. ಇದು ನಡುವೆ. ಕಣ್ಣಿಗೆ ಬೀಳಲ್ಲ."

"ಹಿಡಿಯುತ್ತಾ ಅಪಾ?"

"ಹಿಡಿಸ್ತೀನಿ. ನನ್ ಕೈ ಇದು."

ಈ ನಡುವೆ ಕಲಿಚಾ ಮೂರು ಸಲ ಬಂದುಹೋದಳು. ಒಮ್ಮೆ ಬಿಸಿ ರೊಟ್ಟಿ ತಂದಳು. ಒಮ್ಮೆ, "ಮೂಟೆಗೆ ಹುಳ ಹತ್ತಿದೆಯಾ, ಬಿಚ್ಚಿ ನೋಡೋಣ್ವಾ?" ಎಂದಳು. ಬುರುಲ್ಚಾ, "ನಮ್ಮನೇಲಿ ಹುಳ ಎಲ್ಲಿಂದ ಬರುತ್ತೆ?" ಎಂದಳು. ಮೂರನೆಯ ಸಲ ಸುಮ್ಮನೆ ಕೂತಿದ್ದು, ಏಳುವಾಗ ಕೇಳಿದಳು: "ಮತ್ತೇನಾದ್ರೂ ಹೇಳೋದಿತ್ತಾ ಬುರುಲ್ಚಾ?"

"ಏನಿದೆ ಹೇಳೋಕೆ. ಶನಿವಾರ ಬೇಗ ಒಲೆ ಹಚ್ಚು, ನೀರು ಜಾಸ್ತಿ ಬೇಕು."

ಶನಿವಾರ ಕಲಿಚಾಳ ಅಂಗಳದಲ್ಲಿ ಹದಿನಾಲ್ಕು ಹೆಂಗಸರು ಸೇರಿದರು. ಬುರುಲ್ಚಾ ಮೊದಲ ಪದರ ಹರಡಿ ಎದ್ದು, ಎಲ್ಲರಿಗೂ ಕೇಳುವಂತೆ, "ಚಿನಾರ, ನಡುವಿಂದು ನೀನು ಹರಡು," ಎಂದಳು. ಹೆಂಗಸರು ಮುಖ ಮುಖ ನೋಡಿಕೊಂಡು ಒಳ್ಳೆಯ ಅತ್ತೆ ಎಂದರು. ಚಿನಾರ ಮಂಡಿಯೂರಿ, ಕಣ್ಣೆತ್ತದೆ, ಆ ಮುದಿ ಉಣ್ಣೆಯನ್ನು ಸಮನಾಗಿ ಹರಡಿದಳು. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿ ಹರಡಿದಳು.

ಕುದಿನೀರು ಬಿತ್ತು, ಚಾಪೆ ಸುತ್ತಿಕೊಂಡಿತು. ಬೀದಿಯ ಮಕ್ಕಳೆಲ್ಲ ಸಾಲಾಗಿ ನಿಂತು ಒದ್ದರು, ಬೆಗಿಮಾಯ್ ಎಣಿಸಿದಳು. ಆಮೇಲೆ ಹೆಂಗಸರು ಮಂಡಿಯೂರಿ ಮುಂಗೈ ಊರಿ ಉರುಳಿಸಿದರು. ಬಿಚ್ಚಿದಾಗ ಕಿಯಿಜ್ ಬೆಳ್ಳಗೆ, ಸಪಾಟಾಗಿ ಬಿಸಿಲಲ್ಲಿ ಹಬೆಯಾಡುತ್ತಿತ್ತು. ಎಲ್ಲರೂ ಮೆಚ್ಚಿದರು. ನುರ್ಜಾನಳ ಸೋದರತ್ತೆ, ಎಪ್ಪತ್ತೆಂಟರ ಮುದುಕಿ, ವಾಡಿಕೆಯಂತೆ ಅಂಚು ಹಿಡಿದು ಎಳೆದು ನೋಡಿದಳು.

ಅಂಚು ಎರಡಾಯಿತು. ಮುದುಕಿ ಇನ್ನೊಮ್ಮೆ ಎಳೆದಳು. ಮೇಲಿನ ಪದರ, ಪದರುಪದರಾದ ಕತ್ತಮ ರೊಟ್ಟಿಯ ಸಿಪ್ಪೆಯ ಹಾಗೆ, ಎದ್ದು ಬಂತು. ಕೆಳಗೆ ಸಂತೆಯ ಉಣ್ಣೆ, ಬಿಸಿನೀರಿನಲ್ಲಿ ನೆನೆದ ಕೂದಲಿನಂತೆ, ಯಾವುದಕ್ಕೂ ಅಂಟದೆ ಬಿದ್ದಿತ್ತು.

ಮದುವೆಯ ಕಿಯಿಜ್ ಹೀಗೆ ಬಿಡಿಸಿಕೊಂಡರೆ ಜೋಡಿಯೂ ಬಿಡಿಸಿಕೊಳ್ಳುತ್ತದೆಂಬ ಅಪಶಕುನ ಎಲ್ಲರಿಗೂ ಗೊತ್ತು; ನುರ್ಜಾನ್ ಎದ್ದು ಒಳಗೆ ಹೋದಳು.

"ನಡುವಿಂದು ಯಾರು ಹರಡಿದ್ದು?" ಎಂದಳು ಮುದುಕಿ.

ಹೇಳಬೇಕಾಗಿರಲಿಲ್ಲ. ಎಲ್ಲರೂ ನೋಡಿದ್ದರು. "ಫ್ರುಂಜೆ ಕೈ," ಎಂದರು ಯಾರೋ ಹಿಂದಿನಿಂದ. ಚಿನಾರ ಅತ್ತೆಯ ಕಡೆ ನೋಡಿದಳು. ಬುರುಲ್ಚಾ ಚಾಪೆಯ ಹಗ್ಗದ ಗಂಟು ಬಿಚ್ಚುತ್ತಿದ್ದಳು. ಅದು ಆಗಲೇ ಬಿಚ್ಚಿತ್ತು. ಚಿನಾರ ತಲೆ ತಗ್ಗಿಸಿದಳು.

"ತಪ್ಪಾಯ್ತು ಎಜೆ," ಎಂದಳು ಕಲಿಚಾಳಿಗೆ.

ಆಗ ಬುರುಲ್ಚಾ ಬಾಯಿ ಬಿಟ್ಟಳು. "ಬಿಸಿಲು ಜಾಸ್ತಿಯಾಯ್ತು. ಯಾರಾದ್ರೂ ಚಹಾ ಕೊಡಿ," ಎಂದಳು.

ಚಹಾ ಕೊಟ್ಟವಳು ಚಿನಾರ.

ಆ ಸಂಜೆ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಬೆಗಿಮಾಯ್ ಮೊದಲು ಅಜ್ಜಿಯನ್ನು ಮಾತಾಡಿಸಿದಳು.

"ಚೋನ್ ಅಪಾ, ನೀವೇ ಅಲ್ವಾ ಅಮ್ಮಂಗೆ ಅದನ್ನ ನಡುವೆ ಹಾಕು ಅಂದಿದ್ದು? ನಾನು ಕೇಳಿಸ್ಕೊಂಡೆ."

"ಊಟ ಮಾಡು," ಎಂದ ತುರಾತ.

"ಸೋಮವಾರ ಶಾಲೇಲಿ ಕೇಳ್ತಾರೆ. ಏನು ಹೇಳ್ಲಿ?"

"ಅವಳು ಕೇಳೋದು ಸರಿ ಇದೆ," ಎಂದಳು ಚಿನಾರ. ಹತ್ತು ವರ್ಷದಲ್ಲಿ ಅವಳು ಅತ್ತೆಯೆದುರು ದನಿ ಎತ್ತಿರಲಿಲ್ಲ, ಈಗಲೂ ಎತ್ತಲಿಲ್ಲ. "ಮೂಟೆ ಮುಟ್ಟಿದ್ದು ನನ್ನ ತಪ್ಪು. ಬರುತ್ತೆ ಅಂತ ಸುಳ್ಳು ಹೇಳಿದ್ದೂ ನನ್ನ ತಪ್ಪು. ಅಷ್ಟನ್ನ ಹೊತ್ಕೋತೀನಿ ಅಪಾ. ಇವತ್ತಿಂದು ನಂದಲ್ಲ. ನೀವು ಕಲಿಸಿದ ಹಾಗೇ ಹರಡಿದೆ, ಒಂದು ಎಳೆ ಹೆಚ್ಚುಕಮ್ಮಿ ಇಲ್ದೆ. ಮೊದಲ್ನೇ ಸಲ ಕೈ ಹಿಡಿದು ಕಲಿಸ್ತಿದೀರಿ ಅಂತ ನಂಗೆ ಎಷ್ಟು..." ಅವಳು ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಳು. "ಇರ್ಲಿ ಬಿಡಿ."

ಬೆಳಿಗ್ಗೆ ಹಸು ಕರೆಯುವ ಹೊತ್ತಿಗೆ ಬುರುಲ್ಚಾ ಬೀದಿ ದಾಟಿದಳು. ಕಲಿಚಾ ಅಂಗಳದಲ್ಲಿ ಆ ಕಿಯಿಜ್ ಅನ್ನು ಕತ್ತರಿಸುತ್ತಿದ್ದಳು. ಕುದುರೆಯ ಜೀನಿನ ಕೆಳಗಿನ ಬಟ್ಟೆಗಾದರೂ ಆದೀತೆಂದು.

"ಹೇಳೋದಿತ್ತು," ಎಂದಳು ಬುರುಲ್ಚಾ. ನಿಂತೇ ಹೇಳಿದಳು, ಮೊದಲಿನಿಂದ ಕೊನೆಯವರೆಗೆ. ವಾಟ್ಸಾಪ್ ಫೋಟೋ ನೋಡಿ ಆಡಿದ ಮಾತನ್ನೂ ಹೇಳಿದಳು.

ಕಲಿಚಾ ಕತ್ತರಿ ಕೆಳಗಿಡಲಿಲ್ಲ. "ಹನ್ನೊಂದು ಮರಿ," ಎಂದಳು. "ಒಂದೊಂದನ್ನೂ ಈ ತೊಡೆ ಮೇಲೆ ಹಾಕ್ಕೊಂಡು ಕತ್ತರಿಸಿದ್ದು. ಫೋಟೋದಲ್ಲಿ ನೋಡಿದ್ರೆ ನಂಗೆ ಗೊತ್ತಾಗಲ್ವಾ?"

ಅವಳು ಇನ್ನೊಂದು ಪಟ್ಟಿ ಕತ್ತರಿಸಿ ಬದಿಗಿಟ್ಟಳು.

"ನಿನ್ ಸೊಸೆಗೆ ತಿಳೀಲಿಲ್ಲ ಅಂದಿದ್ರೆ, ಮಕ್ಕಳ ಕೈಗೆ ತಾನೆ ಹೋಗಿದ್ದು, ಬಿಡು ಅಂತಿದ್ದೆ. ಮೂರು ಸಲ ಬಂದೆ. ಮೂರು ಸಲಾನೂ ನಿಂಗೆ ಹೇಳೋಕೆ ಬಾಗಿಲು ತೆಗೆದಿಟ್ಟೆ, ನೀನು ಒಳಗೆ ಬರ್ಲಿಲ್ಲ. ಆದ್ರೂ ಅಂದ್ಕೊಂಡೆ, ಬುರುಲ್ಚಾ ಬಾಯಿ ಬಿಡದಿದ್ರೇನು, ಅವಳ ಕೈ ಸುಳ್ಳು ಹೇಳಲ್ಲ, ಬದಲಿಗೆ ಒಳ್ಳೇದನ್ನೇ ತಂದಿಟ್ಟಿರ್ತಾಳೆ ಅಂತ."

"ಬೇರೆ ಮಾಡ್ಕೊಡ್ತೀನಿ. ಕಣಿವೇಲೆಲ್ಲ ಕೇಳಿ ಮರಿ ಉಣ್ಣೆ ತಂದು..."

"ಮದುವೆಗೆ ಹತ್ತು ದಿನ ಇದೆ. ಈ ಸಲ ಅಂಗಡಿಯದು ಕಳಿಸ್ತೀನಿ. ಬರೋ ವರ್ಷ ಮರಿ ಕತ್ತರಿಸಿದ ಮೇಲೆ ಮಾಡಿ ಕಳಿಸ್ತೀನಿ." ಕತ್ತರಿ ಮತ್ತೆ ಓಡಿತು. "ಆಗ ಚಿನಾರನ್ನ ಕಳಿಸು. ನಡುವಿನ ಪದರ ನಾನು ಕೈಯಾಡಿಸಿ ನೋಡಿದೆ, ಎಲ್ಲೂ ಒಂದು ಗಂಟಿಲ್ಲ. ಹರಡೋ ಕೈ ಅವಳದು. ಎಲ್ಲಾರಿಗೂ ಇವತ್ತೇ ಹೇಳ್ತೀನಿ, ಅವಳ ಕೈ ಅಲ್ಲ ಕೆಟ್ಟಿದ್ದು, ಉಣ್ಣೆ ಅಂತ."

"ಹೇಳು. ಉಣ್ಣೆ ತರಿಸಿದ್ದು ನಾನು ಅಂತ್ಲೂ ಹೇಳು," ಎಂದಳು ಬುರುಲ್ಚಾ. ಆಮೇಲೆ ಕೇಳಿದಳು: "ನಾನು ಯಾವಾಗ ಬರ್ಲಿ?"

"ನೀನು ಬರೋದು ಬೇಡ."

ಬುರುಲ್ಚಾ ಮನೆಗೆ ಬಂದಾಗ ಚಿನಾರ ಹಾಲಿನ ಬಕೆಟ್ ಒಳಗೆ ತರುತ್ತಿದ್ದಳು. ಬುರುಲ್ಚಾ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತಳು.

"ಎಲ್ಲಾ ಹೇಳ್ಬಿಟ್ಟೆ," ಎಂದಳು. "ಬರೋ ವರ್ಷ ಅವರ ಮನೆ ಕಿಯಿಜ್ ನೀನೇ ಹರಡ್ಬೇಕಂತೆ."

"ನೀವಿರ್ತೀರಲ್ಲ ಅಪಾ, ಪಕ್ಕದಲ್ಲಿ?"

"ಇಲ್ಲ. ನಂಗೆ ಮನೇಲಿ ಕೆಲಸ ಇರುತ್ತೆ."

ಬುರುಲ್ಚಾ ಬಕೆಟ್ಟನ್ನು ಕೊನೆಗೆ ಒಲೆಯ ಪಕ್ಕ ಇಳಿಸಿದಳು, ತನ್ನದೇ ಅಡುಗೆಮನೆಯ ಗೂಡುಗಳನ್ನು ಒಂದೊಂದಾಗಿ ನೋಡಿದಳು.

"ಹಾಲು ಸೋಸೋ ಬಟ್ಟೆ ಎಲ್ಲಿಡ್ತೀಯ ನೀನು?" ಎಂದಳು.